ಹುಚ್ಚಣ್ಣನ ಹೊಲಿಗೆ

ಚರ್ಮ ಚುಚ್ಚಲು ಕೊಕ್ಕೆ ಇರುವ ಆರಿ ಬೇಕು ಎಂದಾಗ ರಾಮಯ್ಯ ಮೊದಲು ನನ್ನ ಮುಖ ನೋಡಿದರು, ಆಮೇಲೆ ಕೈ ನೋಡಿದರು.

ದೇವರಾಜ ಮೊಹಲ್ಲಾದಲ್ಲಿ ಎರಡು ಬಟ್ಟೆ ಅಂಗಡಿಗಳ ನಡುವೆ ಸಿಕ್ಕಿಕೊಂಡಿರುವ ಅವರ ಅಂಗಡಿಯಲ್ಲಿ ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. ಚರ್ಮ, ಜೇನುಮೇಣ, ಅಂಟು, ಮೂರರ ವಾಸನೆಯೂ ಸೇರಿ ಗಂಟಲಲ್ಲಿ ಕೂರುತ್ತದೆ. ಚಪ್ಪಲಿ ಹೊಲಿಯುವವರು, ಟಾಂಗಾ ಕುದುರೆಗೆ ಲಗಾಮು ಮಾಡುವವರು, ಬೈಕಿನ ಸೀಟು ಹೊಲಿಯುವವರು, ನಾಟಕಕ್ಕೆ ವೇಷ ಸಿದ್ಧಮಾಡುವ ನನ್ನಂಥವರು, ಎಲ್ಲರೂ ಸೂಜಿಗೆ, ದಾರಕ್ಕೆ, ಚರ್ಮ ಕೊಯ್ಯುವ ರಂಪಿಗೆಗೆ ಇಲ್ಲಿಗೇ ಬರುತ್ತೇವೆ.

“ಕೊಕ್ಕೆ ಆರಿ ಚಪ್ಪಲಿಯೋರ್ಗೆ ಕಣಮ್ಮ,” ಎಂದರು ರಾಮಯ್ಯ. “ಗಿರಾಕಿ ಒಂಟಿಕಾಲಲ್ಲಿ ನಿಂತಿರ್ತಾನೆ, ಬೇಗ ಆಗ್ಬೇಕು, ಅದಕ್ಕೆ. ನಿಂಗ್ಯಾಕೆ ಇದು? ನಿಮ್ಮಪ್ಪ ಕವಚ ಹೊಲಿಯೋವಾಗ...”

“ನಮ್ಮಪ್ಪನ ಮಾತು ಬೇಡ. ಕೊಡಿ.”

ಅವರು ಗಲ್ಲಾದ ಮೇಲೆ ಹಳೇ ಕಂಬಳಿ ತುಂಡು ಹಾಸಿ ಆರಿಗಳನ್ನು ಸಾಲಾಗಿ ಇಟ್ಟರು. ದುಂಡು ಮೊನೆಯದು, ಚಪ್ಪಟೆ ಮೊನೆಯದು, ತುದಿಯನ್ನು ನಾಲ್ಕು ಮೂಲೆಯಾಗಿ ಮಸೆದದ್ದು, ಕೊನೆಯಲ್ಲಿ ಕೊಕ್ಕೆಯದು. ಹಿಡಿಯನ್ನು ಅಂಗೈಗೆ ಒತ್ತಿ ನೋಡಬೇಕು. ಹಿಡಿ ಸಣ್ಣದಾದರೆ ಅರ್ಧ ದಿನದಲ್ಲಿ ಅಂಗೈ ಬೊಬ್ಬೆ ಏಳುತ್ತದೆ, ದಪ್ಪವಾದರೆ ಮೊನೆ ಎತ್ತ ಹೋಗುತ್ತಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ. ನಾನು ಯಾವುದನ್ನೂ ಒತ್ತಿ ನೋಡಲಿಲ್ಲ. ಕೊಕ್ಕೆಯದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಚರ್ಮವನ್ನು ಕೈಯಲ್ಲಿ ಹೊಲಿಯಲು ಎರಡು ದಾರಿಗಳಿವೆ. ಮೊದಲನೆಯದು ನೇರ ಮೊನೆಯ ಆರಿಯಿಂದ ತೂತು ಹಾಕಿ, ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿ ಪೋಣಿಸಿ, ಎರಡನ್ನೂ ಒಂದೇ ತೂತಿನಲ್ಲಿ ಎದುರುಬದುರಾಗಿ ದಾಟಿಸುವುದು. ನಡುವೆ ಎಲ್ಲಾದರೂ ಕತ್ತರಿಸಿದರೂ ಉಳಿದ ಹೊಲಿಗೆ ಕದಲುವುದಿಲ್ಲ. ಎರಡನೆಯದು ಕೊಕ್ಕೆಯದು. ಚುಚ್ಚುವುದು, ಕೆಳಗಿನಿಂದ ದಾರದ ಕುಣಿಕೆಯೊಂದನ್ನು ಮೇಲೆಳೆಯುವುದು, ಆ ಕುಣಿಕೆಯೊಳಗೆ ಮುಂದಿನ ಕುಣಿಕೆ. ಬೇಗ ಮುಗಿಯುತ್ತದೆ. ಸರಪಳಿಯ ಹಾಗೆ ಕಾಣುತ್ತದೆ. ಆದರೆ ಅಕ್ಕಿಮೂಟೆಯ ಬಾಯಿ ಬಿಚ್ಚಿದವರಿಗೆಲ್ಲ ಗೊತ್ತು, ಸರಿಯಾದ ತುದಿ ಕೈಗೆ ಸಿಕ್ಕಿದರೆ ಒಂದೇ ಎಳೆತಕ್ಕೆ ಸರ್ರನೆ ಈ ಕಡೆಯಿಂದ ಆ ಕಡೆಗೆ ಬಿಚ್ಚಿಕೊಂಡುಬಿಡುತ್ತದೆ.

ನನಗೆ ಬೇಕಾಗಿದ್ದುದು ಅದೇ. ತುಂಬಿದ ರಂಗಮಂದಿರದಲ್ಲಿ, ಸದಾಶಿವಯ್ಯನ ಮೈಮೇಲೆ, ಸರ್ರನೆ.

ಸದಾಶಿವಯ್ಯ ನಮ್ಮೂರಿನ ನಾಟಕದವರಲ್ಲಿ ದೊಡ್ಡ ಹೆಸರು. ಈಗ ಧಾರಾವಾಹಿಯೊಂದರಲ್ಲಿ ಎಲ್ಲರನ್ನೂ ಕ್ಷಮಿಸುವ ಅಜ್ಜನ ಪಾತ್ರ ಮಾಡುತ್ತಾನೆ. ನಿರ್ದೇಶಕಿ ಸುಚಿತ್ರಾ ಒಬ್ಬ ಮುದಿ ಪಾಳೆಯಗಾರನ ಕಥೆಯನ್ನು ನಾಟಕ ಮಾಡಿಸುತ್ತಿದ್ದಳು. ಪಾಳೆಯಗಾರ ಅವನೇ, ಅವನಿಗೆ ಚರ್ಮದ ಕವಚ ಮಾಡುವ ಕೆಲಸ ನನ್ನದು. ಅಳತೆ ತೆಗೆದುಕೊಳ್ಳಲು ಹೋದ ದಿನ ಅವನು ಎರಡೂ ಕೈ ಎತ್ತಿ ನಿಂತ. ನಾನು ಎದೆಯ ಸುತ್ತ ಟೇಪು ಸುತ್ತಿದೆ.

“ಗಟ್ಟಿಯಾಗಿರ್ಲಿ ಕಣಮ್ಮ,” ಎಂದ. “ಆಮೇಲೆ ಹುಚ್ಚಣ್ಣನ ಹೊಲಿಗೆ ಆಗ್ಬಾರ್ದು.”

ಎಲ್ಲರೂ ನಕ್ಕರು. ದೂತಿಯ ಪಾತ್ರ ಮಾಡುತ್ತಿದ್ದ ಕಾಲೇಜು ಹುಡುಗಿ ತನುಶ್ರೀ ಕೇಳಿದಳು: “ಸಾರ್, ಎಲ್ರೂ ಅಂತಾರೆ ಇದನ್ನ. ಹುಚ್ಚಣ್ಣ ಅಂದ್ರೆ ಯಾರು?”

“ಯಾರೂ ಇಲ್ಲಮ್ಮ. ಗಾದೆ ಅದು.”

ಟೇಪಿನ ಎರಡು ತುದಿಗಳು ನನ್ನ ಬೆರಳುಗಳ ನಡುವೆ ಇದ್ದವು. ಇನ್ನೊಂದಿಷ್ಟು ಎಳೆದಿದ್ದರೆ ಏನಾಗುತ್ತಿತ್ತು ಎಂದು ಆ ವಾರವೆಲ್ಲ ಯೋಚಿಸಿದೆ.

ಹುಚ್ಚಣ್ಣ ನಮ್ಮಪ್ಪ. ಬದುಕಿರುವಾಗಲೇ ಗಾದೆಯಾದ ಮನುಷ್ಯ.

ಆಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಮೈಸೂರಿನ ನಾಟಕಗಳಿಗೆ ಚರ್ಮದ ಕೆಲಸ ಎಂದರೆ ಅಪ್ಪ. ಚರ್ಮ ಎಂದ ಕೂಡಲೇ ಕೆಲವರು ಮೊದಲು ಜಾತಿ ಕೇಳುತ್ತಿದ್ದರು, ಆಮೇಲೆ ಕೆಲಸ ಕೊಡುತ್ತಿದ್ದರು. ಅಪ್ಪ ಮೊದಲನೆಯದಕ್ಕೆ ಉತ್ತರ ಹೇಳದೆ ಎರಡನೆಯದನ್ನು ಇಸಿದುಕೊಳ್ಳುತ್ತಿದ್ದ. ರಾಜರ ವೇಷದ ಕವಚಕ್ಕೆ ಬಕಲ್ ಹಾಕುವಂತಿರಲಿಲ್ಲ, ಬೆಳಕು ಬಿದ್ದರೆ ಹೊಳೆಯುತ್ತದೆ. ಅದಕ್ಕೆ ನಟ ಕವಚ ತೊಟ್ಟ ಮೇಲೆ ಎಡಪಕ್ಕೆಯ ಕಡೆ ಅದನ್ನು ಮೈಮೇಲೆಯೇ ಹೊಲಿದು ಮುಚ್ಚಬೇಕು. ಮೈಗೂ ಚರ್ಮಕ್ಕೂ ನಡುವೆ ಹಲಸಿನ ಮರದ ತೆಳು ಪಟ್ಟಿ ಇಟ್ಟು, ಕೊಕ್ಕೆಯಿಂದ ಸರಪಳಿ ಹೊಲಿಗೆ ಹಾಕಿ, ಕೊನೆಯಲ್ಲಿ ಉಳಿದ ದಾರದ ತುದಿಯನ್ನು ಒಳಗೆ ಸಿಕ್ಕಿಸುವುದು. ಆ ತುದಿಗೆ ಬಾಲ ಎನ್ನುತ್ತಾರೆ. ಆಟ ಮುಗಿದ ಮೇಲೆ ಟೈಲರ್ ಬಂದು ಬಾಲ ಎಳೆದರೆ ಕವಚ ತೆರೆದುಕೊಳ್ಳುತ್ತದೆ. ಬಾಲ ಟೈಲರದ್ದು, ಬೇರೆ ಯಾರೂ ಮುಟ್ಟುವಂತಿಲ್ಲ. ಗ್ರೀನ್ ರೂಮಿನ ಕಟ್ಟಳೆ ಅದು. ಗಣೇಶನ ಪೂಜೆಗೆ ಚಪ್ಪಲಿ ಬಿಡುವಷ್ಟೇ ಸಹಜವಾಗಿ ಎಲ್ಲರೂ ಪಾಲಿಸುತ್ತಿದ್ದರು.

ಸದಾಶಿವಯ್ಯನ ಬೆರಳುಗಳು ಮಾತ್ರ ಯಾವ ಕಟ್ಟಳೆಯನ್ನೂ ಕೇಳುತ್ತಿರಲಿಲ್ಲ. ಕಾಯುವಾಗ ಅವನ ಎಡಗೈ ತಾನಾಗಿ ಏನನ್ನಾದರೂ ಕೀಳುತ್ತಿತ್ತು. ಶಾಲಿನ ಅಂಚು, ಬೆತ್ತದ ಕುರ್ಚಿಯ ಎಳೆ, ಪರದೆಯ ಗೊಂಡೆ. ಅಪ್ಪ ಅವನಿಗೆ ಕವಚ ಹೊಲಿದಿದ್ದ ಒಂದು ದಿನ ನಾನು ವೇಷದ ಪೆಟ್ಟಿಗೆಯ ಮೇಲೆ ಕೂತು ಪರದೆ ಪಕ್ಕದಿಂದ ನಾಟಕ ನೋಡುತ್ತಿದ್ದೆ. ರಂಗಕ್ಕೆ ಹೋಗಲು ಕಾಯುತ್ತ ನಿಂತಿದ್ದ ಅವನ ಬೆರಳು ಎಡಪಕ್ಕೆಯಲ್ಲಿ ಆಡುತ್ತಿತ್ತು. ಬಾಲ ಹೊರಗೆ ಬಂದಿತ್ತು. ಅದನ್ನು ಬೆರಳಿಗೆ ಸುತ್ತಿಕೊಂಡು, ಬಿಟ್ಟು, ಮತ್ತೆ ಸುತ್ತಿಕೊಂಡು ಅವನು ಬೆಳಕಿನೊಳಕ್ಕೆ ನಡೆದುಹೋದ. ಕತ್ತಿ ಎತ್ತಿದಾಗ ಕವಚ ಬಾಯಿಬಿಟ್ಟು ಭುಜದಿಂದ ನೇತಾಡಿತು. ಒಳಗಿನ ಬನಿಯನ್ ಕಂಡಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಯಲ್ಲಿ ಎಲ್ಲರೂ ಸಾಲಾಗಿ ನಿಂತಾಗ ಅವನು ಅಪ್ಪನನ್ನು ರಟ್ಟೆ ಹಿಡಿದು ರಂಗದ ಮೇಲೆ ಎಳೆತಂದ. “ನೋಡಿ ಸ್ವಾಮಿ, ಇವರೇ ಹುಚ್ಚಣ್ಣ. ಇದು ಹುಚ್ಚಣ್ಣನ ಹೊಲಿಗೆ. ಕೈ ಮುಗಿಯಪ್ಪಾ ಎಲ್ರಿಗೂ.” ಅಪ್ಪ ಕೈ ಮುಗಿದ. ನಾನು ಕಂಡದ್ದನ್ನು ಕಿರುಚಿ ಹೇಳಿದೆ, ಯಾರೋ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಬಿಸ್ಕತ್ತು ಕೊಡಿಸಿದರು.

ಆಮೇಲೆ ಯಾರೂ ಅಪ್ಪನನ್ನು ಕರೆಯಲಿಲ್ಲ. ಮೇಟಗಳ್ಳಿಯ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿಕೊಂಡ. ಹೆಸರು ಮಾತ್ರ ನಾಟಕದವರ ಬಾಯಲ್ಲಿ ಉಳಿಯಿತು. ಮಾತು ಮರೆತರೆ ಹುಚ್ಚಣ್ಣನ ಹೊಲಿಗೆ. ಸೆಟ್ ಬಿದ್ದರೆ ಹುಚ್ಚಣ್ಣನ ಹೊಲಿಗೆ. ಯಾರದೋ ಮದುವೆ ಮುರಿದರೂ ಅದೇ.

ಕೊಕ್ಕೆ ಆರಿ ತಂದ ಸಂಜೆ ಉದಯಗಿರಿಯ ನಮ್ಮ ಮನೆಯಲ್ಲಿ ಅಪ್ಪ ಯೂನಿಫಾರಂ ಬಿಚ್ಚದೆ ಟಿವಿ ಮುಂದೆ ಕೂತಿದ್ದ. ಸದಾಶಿವಯ್ಯನ ಧಾರಾವಾಹಿ. ಅಮ್ಮನಿಗೆ ಆ ಮುಖ ಕಂಡರೆ ಆಗದು.

“ಬುಡು ಅಂದ್ರೆ ಬುಡಲ್ಲ,” ಎಂದಳು ಅಡುಗೆಮನೆಯಿಂದ. “ದಿನಾ ಅವ್ನ ಮೂತಿ ನೋಡ್ಬೇಕು ಇವ್ರು. ಏನು ಪ್ರೀತಿನೋ.”

“ಸುಮ್ನಿರು ಸಿದ್ದಲಿಂಗಿ,” ಎಂದ ಅಪ್ಪ, ಕಣ್ಣು ತೆಗೆಯದೆ.

ನಾನು ಸಾಮಾನುಗಳನ್ನು ಚಾಪೆಯ ಮೇಲೆ ಸುರಿದೆ. ಅಪ್ಪ ತಿರುಗಿದ. ಕೊಕ್ಕೆ ಆರಿಯನ್ನು ಎತ್ತಿ ಟಿವಿಯ ಬೆಳಕಿಗೆ ಹಿಡಿದ.

“ಯಾರ್ಗಿದು?”

“ಅವನಿಗೆ.” ನಾನು ಟಿವಿಯ ಕಡೆ ಗಲ್ಲ ಎತ್ತಿದೆ. “ಕವಚ. ಪೂರ್ತಿ ಕೊಕ್ಕೆಯಲ್ಲೇ ಹೊಲಿತೀನಿ. ಎರಡೂ ಪಕ್ಕ, ಭುಜ, ಎಲ್ಲ. ಬಾಲ ಅವನ ಕೈ ಹತ್ರಾನೇ ಇಡ್ತೀನಿ. ಜನರ ಮುಂದೆ ಸಿಪ್ಪೆ ಸುಲಿದ ಹಾಗೆ ನಿಲ್ಲಲಿ.”

ಬಿಟ್ಟುಬಿಡು ಎನ್ನುತ್ತಾನೆ ಎಂದುಕೊಂಡಿದ್ದೆ. ಅಪ್ಪನ ಕುರಿತು ನನಗಿದ್ದ ದೊಡ್ಡ ದೂರೇ ಅದು: ಕೈ ಮುಗಿದದ್ದು. ಅವತ್ತು, ಆಮೇಲೂ.

“ಬಿಚ್ಕೊಂಡ್ರೆ ಜನ ಏನಂತಾರೆ?” ಎಂದು ಕೇಳಿದ.

“ನಗ್ತಾರೆ.”

“ಯಾರ್ನ ನೋಡಿ?”

ನಾನು ಚಾಪೆಯ ಮೇಲಿನ ದಾರದ ಉಂಡೆಯನ್ನು ಎತ್ತಿಕೊಂಡೆ.

“ಅವ್ನು ನಿನ್ನ ರಟ್ಟೆ ಹಿಡ್ಕೊಂಡು ಎಳ್ಕೊಂಬರ್ತಾನೆ. ಹುಚ್ಚಣ್ಣನ ಹೊಲಿಗೆ ಅಂತಾನೆ. ಅವತ್ತು ಅದು ಸುಳ್ಳಾಗಿತ್ತು ಕಣವ್ವ. ಈಗ ನೀನು ನಿಜ ಮಾಡ್ತೀಯ.”

“ಅಂದ್ರೆ? ಅವನಿಗೆ ಒಳ್ಳೇ ಕವಚ ಹೊಲ್ಕೊಟ್ಟು ನಾನೂ ಕೈ ಮುಗೀಬೇಕಾ?”

“ಕೈ ಮುಗಿ ಅಂದ್ನಾ ನಾನು? ಅಂಗಲ್ಲ.” ಅಪ್ಪ ಟಿವಿಯ ಕಡೆ ಬೆರಳು ಮಾಡಿದ. “ಅಲ್ನೋಡು. ಎಡಗೈ ನೋಡು.”

ಪರದೆಯ ಮೇಲೆ ಅಜ್ಜ ಸೊಸೆಯನ್ನು ಕ್ಷಮಿಸುತ್ತಿದ್ದ. ಬಲಗೈ ಆಶೀರ್ವಾದದಲ್ಲಿ ಮೇಲಿತ್ತು. ಎಡಗೈ ಸೋಫಾದ ಅಂಚಿನಲ್ಲಿ ಒಂದು ಎಳೆಯನ್ನು ಹುಡುಕಿ, ಹಿಡಿದು, ಕೀಳುತ್ತಿತ್ತು.

“ಇನ್ನೂ ಕೀಳ್ತಾವ್ನೆ,” ಎಂದ ಅಪ್ಪ. “ನಿನ್ನೆ ದಿಂಬಿನ ಗೊಂಡೆ. ಮೊನ್ನೆ ಪಂಚೆ ಅಂಚು. ಎಂಗೆ ಬುಟ್ಟಾನು? ಹುಟ್ಟುಗುಣ.”

ಅಷ್ಟು ವರ್ಷ ಅಪ್ಪ ಆ ಧಾರಾವಾಹಿಯಲ್ಲಿ ನೋಡುತ್ತಿದ್ದುದು ಕಥೆಯನ್ನಲ್ಲ.

ಅವನು ಎದ್ದು ಮಂಚದ ಕೆಳಗಿನಿಂದ ಒಂದು ತಗಡಿನ ಡಬ್ಬಿ ತಂದ. ಮುಚ್ಚಳ ತೆಗೆದ. ನಾಲ್ಕು ಮೂಲೆಯ ಮೊನೆಯ ಆರಿ, ಮೊಂಡು ತುದಿಯ ಎರಡು ಸೂಜಿ, ಮೇಣದ ಉಂಡೆ, ಹಲಸಿನ ಪಟ್ಟಿ. ನಾನು ಆರಿಯನ್ನು ಮುಟ್ಟಿದೆ. ಬೆರಳ ತುದಿಯಲ್ಲಿ ರಕ್ತ ಚುಕ್ಕೆಯಾಗಿ ಕೂತಿತು. ಕೆಲಸ ಬಿಟ್ಟವನ ಆರಿ ತುಕ್ಕು ಹಿಡಿದಿರಬೇಕು. ಇದು ಎಣ್ಣೆ ಕುಡಿದು, ಮಸೆಸಿಕೊಂಡು, ಹೊಳೆಯುತ್ತಿತ್ತು. ಕೈ ಮುಗಿದವರು ಹೀಗೆ ಮಸೆದಿಡುವುದಿಲ್ಲ.

“ಸೂಜಿ ಯಾಕೆ ಮೊಂಡು?” ಎಂದೆ.

“ಮೊನೆ ಇರೋ ಸೂಜಿ ಹೋಗೋ ದಾರಿಲಿ ಮೊದ್ಲ ದಾರಾನೇ ಸೀಳ್ಬುಡ್ತದೆ. ತೂತು ಹಾಕೋದು ಆರಿ ಕೆಲಸ, ದಾಟ್ಸೋದು ಸೂಜಿ ಕೆಲಸ. ಒಬ್ಬನ ಕೆಲಸ ಇನ್ನೊಬ್ಬ ಮಾಡಬಾರ್ದು.” ಕೊಕ್ಕೆ ಆರಿಯನ್ನೂ ಅವುಗಳ ಪಕ್ಕದಲ್ಲಿಟ್ಟ. “ಇದೂ ಇರ್ಲಿ. ಇದಕ್ಕೂ ಕೆಲಸ ಅದೆ.”

ಅಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಇಬ್ರೂ ಸೇರ್ಕೊಂಡು ಏನು ಮಾಡ್ತಿದ್ದೀರಾ?”

“ಹೊಲೀತಿದ್ದೀವಿ,” ಎಂದ ಅಪ್ಪ.

ಕವಚವನ್ನು ನಾನೇ ಹೊಲಿದೆ. ದಪ್ಪ ಎಮ್ಮೆ ಚರ್ಮ, ಮೇಣ ಹಚ್ಚಿದ ಕಂದು ದಾರ, ಎರಡು ಸೂಜಿ. ತೂತಿಗೊಮ್ಮೆ ಎರಡೂ ಕೈ ಅಗಲಿಸಿ ಎಳೆಯಬೇಕು, ಒಂದು ಕೈ ಹೆಚ್ಚು ಎಳೆದರೆ ಹೊಲಿಗೆ ಸೊಟ್ಟಗಾಗುತ್ತದೆ. ಸಿಟ್ಟಿನಲ್ಲಿ ಹೊಲಿಯಬಾರದು ಎನ್ನುತ್ತಾರೆ. ಸುಳ್ಳು. ನನ್ನ ಕೈಯಿಂದ ಅಷ್ಟು ಸಮವಾದ ಹೊಲಿಗೆ ಹಿಂದೆಂದೂ ಬಿದ್ದಿರಲಿಲ್ಲ. ಪ್ರತಿ ಎಳೆತಕ್ಕೂ ಅವನ ಪಕ್ಕೆಲುಬು ನೆನಪಾಗುತ್ತಿತ್ತು.

ಎಲ್ಲ ಮುಗಿದ ಮೇಲೆ ಕೊಕ್ಕೆ ಆರಿ ತೆಗೆದುಕೊಂಡೆ. ಎಡಪಕ್ಕೆಯ ಅಂಚಿನ ಉದ್ದಕ್ಕೂ, ಮೇಲ್ಪದರದಲ್ಲಿ ಮಾತ್ರ, ಕೆಂಪು ದಾರದ ಒಂದು ಸರಪಳಿ ಹಾಕಿದೆ. ಅದು ಏನನ್ನೂ ಏನಕ್ಕೂ ಸೇರಿಸುತ್ತಿರಲಿಲ್ಲ. ಬರಿಯ ಅಂದ. ಅದರ ಬಾಲವನ್ನು, ಅವನು ಕೈ ಇಳಿಬಿಟ್ಟರೆ ಬೆರಳು ಎಲ್ಲಿ ತಾಗುತ್ತದೋ ಅಲ್ಲಿ, ಸ್ವಲ್ಪವೇ ಹೊರಗೆ ಬಿಟ್ಟೆ.

ಸುಚಿತ್ರಾಗೆ ಬಹಳ ಇಷ್ಟವಾಯಿತು. “ಈ ಕೆಂಪು ಗೆರೆ ಸೂಪರ್ ಕಣೇ. ಹಳೇ ಗಾಯದ ಥರ ಕಾಣತ್ತೆ.”

“ಅದೇ,” ಎಂದೆ.

ಭಾನುವಾರ ಮಧ್ಯಾಹ್ನದ ಪ್ರದರ್ಶನ. ಅಪ್ಪ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಜೊತೆ ಬಂದ. ಗ್ರೀನ್ ರೂಮಿನ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಪೌಡರ್ ವಾಸನೆ ಎಳೆದುಕೊಂಡ. ಕನ್ನಡಿಯ ಮುಂದೆ ಸದಾಶಿವಯ್ಯ ಕವಚ ತೊಟ್ಟು, ಎಡಗೈ ಎತ್ತಿಕೊಂಡು ನಿಂತಿದ್ದ. ಕಾಲರಿನ ಬಳಿ ಸಣ್ಣ ಮೈಕು.

“ಇವರು ನನ್ನ ಜೊತೆ ಕೆಲಸ ಮಾಡೋರು,” ಎಂದೆ. “ಪಕ್ಕೆ ಇವರೇ ಮುಚ್ತಾರೆ.”

ಸದಾಶಿವಯ್ಯ ಕನ್ನಡಿಯೊಳಗಿನಿಂದ ಅಪ್ಪನನ್ನು ನೋಡಿದ. ನೋಡಿದ, ಅಷ್ಟೇ. ಮುಖದಲ್ಲಿ ಏನೂ ಕದಲಲಿಲ್ಲ. ಗುರುತಿಸಿದ್ದರೆ ನಾನು ಅವನನ್ನು ಸ್ವಲ್ಪ ಕಡಿಮೆ ದ್ವೇಷಿಸುತ್ತಿದ್ದೆನೇನೋ.

“ಮೆತ್ತಗೆ ಕಣಯ್ಯ, ಚುಚ್ಚಿಗಿಚ್ಚೀಯ,” ಎಂದ.

“ಇಲ್ಲ ಬುಡಿ ಸಾರ್,” ಎಂದ ಅಪ್ಪ.

ಮೊಣಕಾಲೂರಿ ಕೂತು, ಹಲಸಿನ ಪಟ್ಟಿಯನ್ನು ಚರ್ಮದ ಕೆಳಗೆ ತೂರಿಸಿದ. ಆರಿ ಎತ್ತಿದ. ತೂತು ಹಾಕಿದ, ಸೂಜಿ ದಾಟಿಸಿದ, ಎಳೆದ. ಆರಿಯ ಮೊನೆಗೂ ಆ ಮೈಗೂ ನಡುವೆ ಇದ್ದುದು ಬೆರಳು ದಪ್ಪವೂ ಇಲ್ಲದ ಮರದ ತುಂಡು. ಅದನ್ನು ಒಂದಿಷ್ಟು ಕೆಳಗೆ ಸರಿಸಿದರೆ ಸಾಕು. ಒಮ್ಮೆ ಅಪ್ಪನ ಕೈ ನಿಂತಿತು. ಬಾಗಿದ ತಲೆಯ ಹಿಂದೆ, ಕತ್ತಿನ ನರ ಉಬ್ಬಿದ್ದು ನನಗೆ ಕಂಡಿತು. ಚುಚ್ಚಲಿ ಎಂದೇ ನನ್ನ ಮನಸ್ಸಿನಲ್ಲಿದ್ದದ್ದು. ಅಪ್ಪ ತನ್ನ ಎರಡು ಬೆರಳನ್ನು ಕವಚದ ಒಳಗೆ ಇಳಿಸಿ, ಬಿಗಿ ನೋಡಿ, ಮತ್ತೆ ಹೊಲಿಯತೊಡಗಿದ.

ಮುಗಿದ ಮೇಲೆ ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಸಾರ್, ಈ ಕೆಂಪು ಬಾಲ ಮುಟ್ಟಬೇಡಿ. ಕೈ ಹೋದ್ರೂ ಎಳೀಬೇಡಿ.”

“ಮುಟ್ಟಬೇಡಿ ಅಂದ್ರೆ ಮುಟ್ಟಬೇಡಿ ಸಾರ್,” ಎಂದು ತನುಶ್ರೀ ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಲೇ ಹಂಗಿಸಿದಳು. “ನನ್ನ ಸ್ಕ್ರಿಪ್ಟಿನ ಮೂಲೆನೆಲ್ಲ ಕಿತ್ತು ತಿಂದಿದೀರ ನೀವು.”

“ಮಗುನೇನಮ್ಮ ನಾನು? ಬಾಲ ಟೈಲರದ್ದು ಅಂತ ನೀವೆಲ್ಲ ಹುಟ್ಟೋಕೆ ಮುಂಚೆಯಿಂದ ಗೊತ್ತು ನಂಗೆ.”

ಅಪ್ಪ ಸೂಜಿಗಳನ್ನು ಡಬ್ಬಿಗೆ ಹಾಕುತ್ತಿದ್ದ. ತಲೆ ಎತ್ತಲಿಲ್ಲ.

ನಾವಿಬ್ಬರೂ ಪರದೆಯ ಪಕ್ಕದಲ್ಲಿ ನಿಂತೆವು. ಮೊದಲ ದೃಶ್ಯದಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ಅವನು ಚೆನ್ನಾಗಿ ಮಾಡಿದ. ಹಾಳಾದವನು, ನಿಜವಾಗಿಯೂ ಚೆನ್ನಾಗಿ ಮಾಡಿದ, ಜನ ಚಪ್ಪಾಳೆ ತಟ್ಟಿದರು. ಆ ಕವಚದಲ್ಲಿ ಅವನಿಗೆ ಇನ್ನಷ್ಟು ಎತ್ತರ ಬಂದಿತ್ತು. ಅದನ್ನು ಕೊಟ್ಟವಳು ನಾನೇ. ಅವನು ಕೈ ಸುಮ್ಮನಿಟ್ಟುಕೊಂಡರೆ ಇದಿಷ್ಟೇ. ಒಳ್ಳೆಯ ಕವಚ, ಒಳ್ಳೆಯ ನಟ, ಒಳ್ಳೆಯ ಭಾನುವಾರ.

“ಮಂತ್ರಿ ಬರ್ಲಿ,” ಎಂದ ಅಪ್ಪ ನನ್ನ ಕಿವಿಯಲ್ಲಿ.

ಮಂತ್ರಿಯ ಪಾತ್ರ ವಿಶ್ರುತ್ ಎಂಬ ಹುಡುಗನದು. ಕೋಟೆ ಬಿಟ್ಟುಕೊಡಿ ಎಂದು ಉದ್ದಕ್ಕೆ ಬೇಡಿಕೊಳ್ಳುತ್ತಾನೆ. ಪಾಳೆಯಗಾರ ಗದ್ದುಗೆಯ ಮೇಲೆ ಅಲುಗಾಡದೆ ಕೂತು ಕೇಳಬೇಕು. ಸದಾಶಿವಯ್ಯನ ಮುಖ ಕಲ್ಲಿನಂತಿತ್ತು. ಮೊಣಕಾಲ ಮೇಲಿದ್ದ ಎಡಗೈ ಮೆಲ್ಲಗೆ ಜಾರಿತು. ತೊಡೆ. ಸೊಂಟ. ಪಕ್ಕೆ. ಮುಖಕ್ಕೆ ಕೈಯ ಸುದ್ದಿಯೇ ಇರಲಿಲ್ಲ. ಬೆರಳು ಬಾಲವನ್ನು ಮುಟ್ಟಿತು, ಬಿಟ್ಟಿತು, ಸುತ್ತಿಕೊಂಡಿತು.

ಸರ್ರ್.

ಅಷ್ಟು ದೂರಕ್ಕೆ ಕೇಳುವ ಶಬ್ದವಲ್ಲ ಅದು. ನನಗೆ ಕೇಳಿತು.

ಕೆಂಪು ದಾರ ಅವನ ಪಕ್ಕೆಯಿಂದ ಹೊರಟು ಮೊಣಕಾಲ ಮೇಲೆ ಸುರುಳಿಯಾಗಿ ಬಿತ್ತು. ಅವನು ಕೆಳಗೆ ನೋಡಿದ. ಕಲ್ಲಿನ ಮುಖ ಒಮ್ಮೆಲೇ ಮುದುಕನ ಮುಖವಾಯಿತು. ಎಡಮೊಣಕೈಯನ್ನು ಪಕ್ಕೆಗೆ ಅವುಚಿಕೊಂಡ. ಈಗ ಎದ್ದು ಕತ್ತಿ ಹಿರಿದು, ಗುರಾಣಿ ಎತ್ತಿ ಗರ್ಜಿಸಬೇಕಿತ್ತು. ಎದ್ದ. ಕತ್ತಿ ಅರ್ಧ ಹೊರಗೆ ಬಂತು. ಗುರಾಣಿ ನೆಲದಲ್ಲೇ ಉಳಿಯಿತು. ಕೈಯಿಂದ ಕೆಂಪು ದಾರ ಬಾಲದ ಹಾಗೆ ತೂಗಾಡುತ್ತಿತ್ತು.

“ಕೋಟೆ...” ಎಂದ. ಮುಂದಿನ ಮಾತು ಬರಲಿಲ್ಲ.

ವಿಶ್ರುತ್ ಕಾದ. ಆಮೇಲೆ ಸ್ಕ್ರಿಪ್ಟಿನಲ್ಲಿ ಇಲ್ಲದ್ದನ್ನು ಕೇಳಿದ: “ಪ್ರಭು, ಪಕ್ಕೆ ಹಿಡಿದುಕೊಂಡಿತೇ?”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸದಾಶಿವಯ್ಯ ಕತ್ತಿಯನ್ನೂ ಬಿಟ್ಟು ಎರಡೂ ಕೈಯಲ್ಲಿ ತನ್ನನ್ನೇ ತಬ್ಬಿಕೊಂಡ. ಉಳಿದ ನಾಟಕವನ್ನೆಲ್ಲ ಹಾಗೆಯೇ ಆಡಿದ. ಸೇನೆಗೆ ಆಜ್ಞೆ ಕೊಟ್ಟದ್ದು ತಬ್ಬಿಕೊಂಡು, ದೂತಿಯನ್ನು ಗದರಿಸಿದ್ದು ತಬ್ಬಿಕೊಂಡು. ಸತ್ತದ್ದೂ ಚಳಿ ಹತ್ತಿದ ಮಗುವಿನಂತೆ ಮುದುಡಿಕೊಂಡು. ಕವಚ ಒಂದು ಕೂದಲಿನಷ್ಟೂ ಸರಿದಿರಲಿಲ್ಲ. ಅದು ಅವನೊಬ್ಬನಿಗೆ ಗೊತ್ತಿರಲಿಲ್ಲ.

ಕೊನೆಯಲ್ಲಿ ಎಲ್ಲರೂ ಸಾಲಾಗಿ ನಿಂತರು. ಅವನು ಮುಂದೆ ಬಂದ. ಕಾಲರಿನ ಮೈಕು ಅವನ ಏದುಸಿರನ್ನು ಸಭೆಗೆಲ್ಲ ಹಂಚುತ್ತಿತ್ತು.

“ಕ್ಷಮಿಸಬೇಕು. ಎಂಥೆಂಥ ಟೈಲರ್‌ಗಳ ಜೊತೆ ಕೆಲಸ ಮಾಡ್ತೀವಿ ಅಂತ ನಿಮಗೆ ಗೊತ್ತಾಗ್ಲಿ. ಹುಚ್ಚಣ್ಣನ ಹೊಲಿಗೆ ಅಂತ ಗಾದೆ ಕೇಳಿದೀರಲ್ಲ, ಇವತ್ತು ಕಣ್ಣಾರೆ ನೋಡಿದ್ರಿ. ಎಲ್ಲಿ ಅವಳು? ಬಾರಮ್ಮ ಇಲ್ಲಿ.”

ಅದೇ ಮಾತು. ಅದೇ ಧಾಟಿ. ನಾನು ಅಪ್ಪನ ಕೈ ಹಿಡಿದುಕೊಂಡೆ. ಇಬ್ಬರೂ ಬೆಳಕಿಗೆ ಬಂದೆವು.

“ಏನು ಬಿಚ್ಚಿದೆ ಸಾರ್?” ಎಂದೆ. “ಕೈ ತೆಗೆದು ತೋರಿಸಿ.”

“ಕೈ ತೆಗೆದ್ರೆ ಬಿದ್ದೋಗುತ್ತೆ!”

“ತೆಗೀರಿ.”

ತೆಗೆಯಲಿಲ್ಲ. ನಾನೇ ಅವನ ಮಣಿಕಟ್ಟು ಹಿಡಿದು ಬಿಡಿಸಿದೆ, ಒಂದು, ಇನ್ನೊಂದು. ಕವಚ ನಿಂತೇ ಇತ್ತು. ಅಪ್ಪ ಬಾಗಿ, ಎಡಪಕ್ಕೆಯ ಎರಡು ಅಂಚುಗಳನ್ನು ಎರಡು ಕೈಯಲ್ಲಿ ಹಿಡಿದು ಬಲವಾಗಿ ಜಗ್ಗಿದ. ಹೊಲಿಗೆ ಬಿಡಲಿಲ್ಲ. ಸದಾಶಿವಯ್ಯನೇ ಮೂಟೆಯ ಹಾಗೆ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ವಾಲಿದ.

“ಮತ್ತೆ... ಈ ದಾರ?”

“ಅದು ಅಂದಕ್ಕೆ ಸಾರ್. ಏನನ್ನೂ ಹಿಡ್ಕೊಂಡಿಲ್ಲ ಅದು. ಅದನ್ನ ಎಳೆದೋರು ಯಾರು?”

ಎಲ್ಲರ ಕಣ್ಣೂ ಅವನ ಎಡಗೈಗೆ ಹೋಯಿತು. ದಾರ ತೋರುಬೆರಳಿಗೆ ಎಷ್ಟು ಬಿಗಿಯಾಗಿ ಸುತ್ತಿಕೊಂಡಿತ್ತೆಂದರೆ ಉಗುರು ನೀಲಿಯಾಗಿತ್ತು.

“ಮುಟ್ಟಬೇಡಿ ಅಂತ ಹೇಳಿದ್ರಲ್ಲ ಸಾರ್!” ಎಂದಳು ತನುಶ್ರೀ, ಸಾಲಿನಿಂದಲೇ. ಅವಳಿಗೆ ದನಿ ತಗ್ಗಿಸಿ ಗೊತ್ತಿಲ್ಲ.

ಆಗ ಬಂತು ನಗು. ಮುಂದಿನ ಸಾಲಿನಿಂದ ಶುರುವಾಗಿ ಬಾಲ್ಕನಿಯವರೆಗೆ. ಆ ನಗುವನ್ನು ನಾನು ಶಾಲೆಗೆ ಹೋಗುವ ಕಾಲದಿಂದ ಕಾಯುತ್ತಿದ್ದೆ. ಇಷ್ಟೇನಾ ಅನ್ನಿಸಲಿಲ್ಲ. ಇನ್ನೂ ಬರಲಿ ಅನ್ನಿಸಿತು.

ಸದಾಶಿವಯ್ಯ ಅಪ್ಪನ ಕಡೆ ತಿರುಗಿದ. “ಯಾರಯ್ಯ ನೀನು?”

ಅಪ್ಪ ಇನ್ನೂ ಬಾಗಿಯೇ ಇದ್ದ, ಬಾಯಿ ಮೈಕಿನ ಹತ್ತಿರ. ಮೆಲ್ಲಗೇ ಹೇಳಿದ್ದು, ಕೊನೆಯ ಸಾಲಿನವರೆಗೆ ಕೇಳಿತು.

“ನಾನೇ ಸಾರ್ ಆ ಗಾದೆ.”

ಹಳಬರು ಯಾರೋ “ಹುಚ್ಚಣ್ಣ!” ಎಂದು ಕೂಗಿದರು. ಅಪ್ಪ ನೆಟ್ಟಗೆ ನಿಂತ. ಕೈ ಮುಗಿಯಲಿಲ್ಲ.

ಕವಚ ತೆಗೆಯಬೇಕಾದರೆ ಪಕ್ಕೆಯ ಹೊಲಿಗೆಗಳನ್ನು ಒಂದೊಂದಾಗಿ ರಂಪಿಗೆಯಿಂದ ಕೊಯ್ಯಬೇಕು. ಎಳೆದರೆ ಬಿಚ್ಚುವಂಥದ್ದಲ್ಲ. ಬೇರೆಯವರು ಕೈ ಹಾಕಿದರೆ ಪಕ್ಕೆ ಕೊಯ್ದುಕೊಳ್ಳುತ್ತದೆ. ರಂಪಿಗೆ ನನ್ನ ಚೀಲದಲ್ಲಿತ್ತು, ಚೀಲ ನನ್ನ ಹೆಗಲಲ್ಲಿತ್ತು. ನಾವಿಬ್ಬರೂ ರಸ್ತೆ ದಾಟಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ಬಿಸಿಲು ಇನ್ನೂ ಇಳಿದಿರಲಿಲ್ಲ.

ಸುಚಿತ್ರಾ ಓಡಿ ಬಂದಳು. “ಧರಣಿ, ಬೇಗ ಬಾರೇ. ಕೂಗಾಡ್ತಿದಾರೆ. ಉಸಿರು ಕಟ್ತಾ ಇದೆಯಂತೆ ಅವರಿಗೆ.”

“ಅಪ್ಪಂಗೆ ಏನಾದ್ರೂ ಅಂದ್ನಾ? ತಪ್ಪಾಯ್ತು ಅಂತ?”

ಸುಚಿತ್ರಾ ನೆಲ ನೋಡಿದಳು. “ಕುರ್ಚಿ ಒದ್ದರು.”

ಅಪ್ಪ ಟೀಯ ಮೇಲಿನ ಕೆನೆಯನ್ನು ಊದಿ ಪಕ್ಕಕ್ಕೆ ಸರಿಸಿದ.

“ಉಸ್ರು ಕಟ್ಟಲ್ಲ ಕಣಮ್ಮ,” ಎಂದ ಅವಳಿಗೆ. “ಎರಡು ಬೆರಳು ಸಡ್ಲ ಬುಟ್ಟೇ ಹೊಲ್ದಿವ್ನಿ. ಕೂರೋಕೆ ಹೇಳು. ಬಾಲ ಟೈಲರದ್ದು.”

ಲೋಟ ಖಾಲಿ ಮಾಡಿ ಬೆಂಚಿನ ಮೇಲಿಟ್ಟು ನನ್ನ ಕಡೆ ತಿರುಗಿದ.

“ಇನ್ನೊಂದು ಟೀ ಹೇಳವ್ವ. ಸಕ್ಕರೆ ಜಾಸ್ತಿ.”